ಒಂದು ಕೋವಿಗೆ ಒಂದೇ ಅಳತೆ

ಚುನಾವಣೆ ಘೋಷಣೆಯಾದ ಕೂಡಲೇ ಮಲೆನಾಡಿನ ಪೊಲೀಸ್ ಠಾಣೆಗಳ ಮುಂದೆ ಒಂದು ವಿಚಿತ್ರ ಮೆರವಣಿಗೆ ಕಾಣಿಸುತ್ತದೆ. ಗೋಣಿಚೀಲದಲ್ಲೋ ಹಳೆಯ ಪಂಚೆಯಲ್ಲೋ ಸುತ್ತಿದ ಉದ್ದನೆಯ ಗಂಟುಗಳನ್ನು ಹೆಗಲಿಗೇರಿಸಿಕೊಂಡು ರೈತರು ಬರುತ್ತಾರೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳನ್ನು ಫಲಿತಾಂಶ ಬರುವವರೆಗೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕೆಂಬುದು ನಿಯಮ. ಇಂಥ ಒಂದು ಸಾಲಿನಲ್ಲಿ ನಿಂತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರ ಪಕ್ಕದಲ್ಲಿ ಈ ವರದಿಗಾರ ಅರ್ಧ ದಿನ ಕಳೆದದ್ದುಂಟು. ಅವರದು ಒಂಟಿ ನಳಿಗೆಯ ಕೇಪಿನ ಕೋವಿ. ಅದರ ಜೊತೆಗೆ ದಾರದಲ್ಲಿ ಕಟ್ಟಿದ, ಹೆಬ್ಬೆರಳಿನಷ್ಟು ಉದ್ದದ ಬಿದಿರಿನ ಕೊಳವೆಯೊಂದಿತ್ತು.

“ಇದೇನು ಅಜ್ಜ?” ಎಂದು ಕೇಳಿದಾಗ ಅವರು ಕೊಳವೆಯನ್ನು ಅಂಗೈ ಮೇಲಿಟ್ಟು ತೋರಿಸಿದರು. “ಇದು ನಮ್ಮಪ್ಪ ಕತ್ತರಿಸಿದ ಅಳತೆ ಮಾರಾಯ. ಈ ಕೋವಿಗೆ ಇಷ್ಟೇ ಮಸಿ. ಹೆಚ್ಚಾದ್ರೆ ಹೆಗಲು ಹೋಗ್ತದೆ, ಕಮ್ಮಿಯಾದ್ರೆ ಹಂದಿ ನಗ್ತದೆ. ಪಕ್ಕದ ಮನೆ ಕೋವಿಗೆ ಇದೇ ಅಳತೆ ಹಾಕಿ ನೋಡು, ಗುಂಡು ಬೇರೆ ಊರಿಗೆ ಹೋಗ್ತದೆ!”

ಅಜ್ಜ ನಗುತ್ತ ಹೇಳಿದ ಈ ಮಾತಿನ ಮೇಲೆ ಅಮೆರಿಕದಲ್ಲಿ ದಪ್ಪ ದಪ್ಪ ಪುಸ್ತಕಗಳು ಬಂದಿವೆ, ಕಾರ್ಖಾನೆಗಳು ಬದುಕಿವೆ. ಅಲ್ಲಿ ಇದಕ್ಕೆ ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ಅಂದರೆ, ಅಂಗಡಿಯಲ್ಲಿ ಸಿಗುವ ತೋಟಾ ಬಿಟ್ಟು ತನ್ನ ರೈಫಲ್ಲಿಗೆ ತಾನೇ ಅಳೆದು ತೂಗಿ ತೋಟಾ ತುಂಬಿಕೊಳ್ಳುವುದು. ನಮ್ಮಲ್ಲಿ ‘ಈಡು’ ಎಂಬ ಒಂದೇ ಪದದಲ್ಲಿ ತುಂಬುವುದೂ ಹೊಡೆಯುವುದೂ ಅಡಗಿದೆ. ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆಯನ್ನೋ ಗುಂಡನ್ನೋ ಹಾಕಿ, ಮತ್ತೆ ನಾರಿಟ್ಟು ಸಲಾಕೆಯಿಂದ ಜಡಿಯುವ ಕೋವಿಯಲ್ಲಿ ಪ್ರತಿ ಈಡೂ ಕೈಯದೇ. ಹಾಗಾಗಿ ಕೋವಿ ಹುಟ್ಟಿದ ಮೇಲೆ ನೂರಾರು ವರ್ಷ ಪ್ರತಿಯೊಬ್ಬ ಬೇಟೆಗಾರನೂ ಹ್ಯಾಂಡ್‌ಲೋಡರನೇ ಆಗಿದ್ದ!

ಅಂದಹಾಗೆ ನಮ್ಮ ‘ಕೇಪು’ ಇಂಗ್ಲಿಷಿನ ಕ್ಯಾಪ್. ಇದರ ಹಿಂದೆ ಒಬ್ಬ ಪಾದ್ರಿಯಿದ್ದಾನೆ. ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಫಾರ್ಸಿತ್‌ಗೆ ಹಕ್ಕಿ ಬೇಟೆಯ ಹುಚ್ಚು. ಅಂದಿನ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿ ಮೊದಲು ಹೊರಗಿನ ಬಟ್ಟಲಿನ ಮದ್ದಿಗೆ ತಗುಲಿ ಭಗ್ಗೆಂದು ಉರಿಯಬೇಕು, ಆಮೇಲೆ ನಳಿಗೆಯೊಳಗಿನ ಮದ್ದು ಸಿಡಿಯಬೇಕು. ಆ ಹೊಗೆ ಮಿಂಚು ಕಂಡ ಬಾತುಕೋಳಿಗಳು ಗುಂಡು ಬರುವ ಮುನ್ನವೇ ಹಾರಿಬಿಡುತ್ತಿದ್ದವು. ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯಕ್ಕೆ ಫಾರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ಅದೇ ಉಪಾಯ ಮುಂದೆ ಪುಟ್ಟ ತಾಮ್ರದ ಟೋಪಿಯಾಗಿ, ಸಮುದ್ರ ದಾಟಿ, ಕೇಪಾಗಿ ಮಲೆನಾಡಿನ ಗದ್ದೆಯ ಅಂಚಿಗೆ ಬಂತು.

ಯಾರೋ ತುಂಬಿದ ತೋಟಾ

ಸೈನ್ಯಕ್ಕೆ ಈ ನಿಧಾನ ಒಗ್ಗುವುದಿಲ್ಲ. ಅದಕ್ಕಾಗಿ ಒಂದು ಈಡಿನ ಮದ್ದು ಮತ್ತು ಗುಂಡನ್ನು ಮೊದಲೇ ಅಳೆದು ಕಾಗದದಲ್ಲಿ ಸುತ್ತಿಡುವ ಪದ್ಧತಿ ಬಂತು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಗುಂಡನ್ನು ಒಳಗೆ ತಳ್ಳುತ್ತಿದ್ದ. ಇದೇ ಕಾಡತೂಸು. ಗುಂಡು ಸಲೀಸಾಗಿ ಜಾರಲೆಂದು ಅದಕ್ಕೆ ಜಿಡ್ಡು ಸವರುತ್ತಿದ್ದರು. ಮುಂದಿನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. 1857ರ ಜನವರಿಯಲ್ಲಿ, ಕಲ್ಕತ್ತದ ಬಳಿಯ ಡಂಡಂನಲ್ಲಿ, ಕೆಳಜಾತಿಯ ಕೂಲಿಯೊಬ್ಬ ಬ್ರಾಹ್ಮಣ ಸಿಪಾಯಿಯ ಲೋಟದಿಂದ ನೀರು ಕೇಳಿದನಂತೆ. ಸಿಪಾಯಿ ಒಲ್ಲೆನೆಂದಾಗ, ‘ಹಸು ಹಂದಿಯ ಕೊಬ್ಬು ಸವರಿದ ತೋಟಾ ಕಚ್ಚುವಾಗ ನಿನ್ನ ಜಾತಿ ಎಲ್ಲಿ ಉಳಿಯುತ್ತದೆ?’ ಎಂಬ ಅರ್ಥದಲ್ಲಿ ಕೂಲಿ ಹಂಗಿಸಿದನಂತೆ. ಸುದ್ದಿ ಕಂಟೋನ್ಮೆಂಟಿನಿಂದ ಕಂಟೋನ್ಮೆಂಟಿಗೆ ಹಬ್ಬಿತು. ತನ್ನ ಈಡನ್ನು ತಾನೇ ತುಂಬುವವನಿಗೆ ಅದರೊಳಗೆ ಏನಿದೆಯೆಂದು ಗೊತ್ತಿರುತ್ತದೆ. ಯಾರೋ ಎಲ್ಲೋ ತುಂಬಿ ಕಳಿಸಿದ್ದನ್ನು ಬಾಯಿಗಿಡುವವನಿಗೆ ಗೊತ್ತಿರುವುದಿಲ್ಲ. ಸಿಪಾಯಿಗಳ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಕಿಡಿ ಬಿದ್ದದ್ದು ಇಲ್ಲಿ.

ಅದೇ ವರ್ಷ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಆಯುಧ ಒಪ್ಪಿಸಲೊಲ್ಲದ ಮುಧೋಳದ ಬಳಿಯ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ತಿರುಗಿಬಿದ್ದರು. ಸೈನ್ಯ ಊರನ್ನೇ ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಅವರ ಹಾಡು ಲಾವಣಿಯಾಗಿ ಉಳಿಯಿತು. ಕೊಡಗಿನ ಕಥೆ ಇದಕ್ಕೆ ತದ್ವಿರುದ್ಧ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರಾದವರು ಇವರೇ. ನಾಲ್ಕೇ ವರ್ಷಗಳ ಅಂತರದಲ್ಲಿ, ಒಂದೇ ಕಾಯ್ದೆಯ ಕೆಳಗೆ, ಕನ್ನಡ ನಾಡಿನ ಒಂದು ಮೂಲೆಯಲ್ಲಿ ಕೋವಿ ಗಲ್ಲಿಗೆ ದಾರಿಯಾಯಿತು, ಇನ್ನೊಂದು ಮೂಲೆಯಲ್ಲಿ ಗೌರವದ ಗುರುತಾಯಿತು.

ಸರಿ, ಬೇಟೆಯ ರೈಫಲ್ಲಿಗೆ ಮರಳೋಣ.

ಕಾಗದದ ಜಾಗಕ್ಕೆ ಹಿತ್ತಾಳೆಯ ಕೊಳವೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಕೇಪು, ಮದ್ದು, ಗುಂಡು ಮೂರೂ ಈ ಕೊಳವೆಯೊಳಗೇ ಸೇರಿದವು. ಈಡು ಹಾರಿದ ಮೇಲೆ ಕೊಳವೆ ಹಾಳಾಗುವುದಿಲ್ಲ. ತಳದ ಕೇಪು ತೆಗೆದು ಹೊಸದಿಟ್ಟರೆ ಮತ್ತೆ ಮತ್ತೆ ಬಳಸಬಹುದು. ಇಲ್ಲೊಂದು ತಮಾಷೆಯಿದೆ. 1860ರ ದಶಕದಲ್ಲಿ ಇಂಗ್ಲೆಂಡಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್ ಒಂದು ಬಗೆಯ ಕೇಪು ರೂಪಿಸಿದ, ಅಮೆರಿಕದ ಹೈರಮ್ ಬರ್ಡನ್ ಇನ್ನೊಂದು ಬಗೆಯದನ್ನು. ಅಮೆರಿಕದವರು ಹಿಡಿದದ್ದು ಇಂಗ್ಲಿಷಿನವನ ಬಾಕ್ಸರ್ ಕೇಪನ್ನು, ಯುರೋಪು ಬಹುಪಾಲು ಒಪ್ಪಿದ್ದು ಅಮೆರಿಕದವನ ಬರ್ಡನ್ ಕೇಪನ್ನು! ಬಾಕ್ಸರ್ ಬಗೆಯ ತೋಟಾದ ತಳದಲ್ಲಿ ನಟ್ಟನಡುವೆ ಒಂದೇ ತೂತು. ಒಳಗಿನಿಂದ ಒಂದು ಸೂಜಿ ಚುಚ್ಚಿದರೆ ಹಳೆಯ ಕೇಪು ಉದುರುತ್ತದೆ. ಬರ್ಡನ್ನನದರಲ್ಲಿ ಪಕ್ಕಕ್ಕೆ ಎರಡು ಸಣ್ಣ ತೂತು, ಕೇಪು ಕೀಳುವುದು ದೊಡ್ಡ ಪೇಚಾಟ. ಮನೆಯಲ್ಲೇ ತೋಟಾ ತುಂಬುವ ಹವ್ಯಾಸ ಅಮೆರಿಕದಲ್ಲಿ ಹುಲುಸಾಗಿ ಬೆಳೆದುದಕ್ಕೆ ಆ ಒಂದು ತೂತಿನ ಪಾಲು ಸಣ್ಣದಲ್ಲ.

1870ರ ದಶಕದಲ್ಲಿ ಅಲ್ಲಿನ ಬಯಲಲ್ಲಿ ಕಾಡೆಮ್ಮೆ ಕೊಂದು ಚರ್ಮ ಮಾರುತ್ತಿದ್ದವರು ಸೀಸ ಮದ್ದುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ರಾತ್ರಿ ಬೆಂಕಿಯ ಪಕ್ಕ ಕುಳಿತು ಖಾಲಿ ತೋಟಾ ತುಂಬುತ್ತಿದ್ದರು. ಅವರ ಲೆಕ್ಕ ಶುದ್ಧ ಉಳಿತಾಯದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಮಿಕ್ಕಿದ ಮದ್ದನ್ನು ಬ್ರೂಸ್ ಹಾಜ್‌ಡನ್ ಎಂಬಾತ ಸಗಟಾಗಿ ಕೊಂಡು ಹವ್ಯಾಸಿಗಳಿಗೆ ಮಾರತೊಡಗಿದ. ಸಾಮಾನ್ಯ ಜನ ಅಡುಗೆಮನೆಯ ಮೇಜಿನ ಮೇಲೆ ತೋಟಾ ತುಂಬುವ ಕಾಲ ಬಂತು. ಈಗಿನವರು ಹೇಳುವ ಕಾರಣವೇ ಬೇರೆ: ನಿಖರತೆ.

ರೆಡಿಮೇಡ್ ಅಂಗಿ, ದರ್ಜಿಯ ಅಂಗಿ

ಕಾರ್ಖಾನೆಯ ತೋಟಾ ರೆಡಿಮೇಡ್ ಅಂಗಿಯಿದ್ದ ಹಾಗೆ. ಆ ಅಳತೆಯ ಯಾವ ರೈಫಲ್ಲಿಗೆ ಹಾಕಿದರೂ ಹಿಡಿಸಬೇಕು, ಹಳೆಯದಾಗಲಿ ಹೊಸದಾಗಲಿ ಸಿಕ್ಕಿಹಾಕಿಕೊಳ್ಳಬಾರದು. ಅದಕ್ಕೇ ಸ್ವಲ್ಪ ಸಡಿಲವಾಗಿಯೇ ಮಾಡುತ್ತಾರೆ. ಕೈಯಿಂದ ತುಂಬುವವನು ದರ್ಜಿ. ಅವನಿಗೆ ಒಂದೇ ಮೈಯ ಅಳತೆ ಸಾಕು.

ಅಳತೆ ತೆಗೆದುಕೊಡುವುದು ರೈಫಲ್ಲೇ. ಈಡು ಹಾರಿದಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ತಾನು ಕುಳಿತ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ, ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ, ಮರುಕ್ಷಣ ಒಂದಿಷ್ಟು ಕುಗ್ಗುತ್ತದೆ. ಹಾಗೆ ಹೊರಬಂದ ಖಾಲಿ ತೋಟಾ ಆ ರೈಫಲ್ಲಿನ ಗೂಡಿನ ಅಚ್ಚು. ಅದರ ಕುತ್ತಿಗೆಯನ್ನಷ್ಟೇ ಗುಂಡು ಹಿಡಿಯುವಷ್ಟು ಬಿಗಿಮಾಡಿ ಮತ್ತೆ ತುಂಬಿದರೆ, ಮುಂದಿನ ಸಲ ಅದು ಗೂಡಿನಲ್ಲಿ ಅಲ್ಲಾಡದೆ, ನಳಿಗೆಗೆ ನೇರವಾಗಿ ಕೂರುತ್ತದೆ.

ಇನ್ನು ಗುಂಡು. ರೈಫಲ್ಲಿನ ನಳಿಗೆಯೊಳಗೆ ತಿರುಪಿನ ಗೆರೆಗಳಿರುತ್ತವೆ, ರೈಫಲ್ ಎಂಬ ಹೆಸರೂ ಅದರಿಂದಲೇ. ಗೆರೆ ಹಿಡಿದ ಗುಂಡು ಬುಗುರಿಯಂತೆ ತಿರುಗುತ್ತ ಹೋಗುವುದರಿಂದ ದಾರಿ ತಪ್ಪುವುದಿಲ್ಲ. ಆದರೆ ತೋಟಾದಿಂದ ಕಳಚಿದ ಗುಂಡು ಗೆರೆ ಮುಟ್ಟುವವರೆಗೆ ಒಂದು ಸಣ್ಣ ನೆಗೆತವಿದೆ. ಆಗ ಅದು ಕೂದಲೆಳೆಯಷ್ಟು ಓರೆಯಾಗಿ ಗೆರೆ ಹಿಡಿದರೂ ಬುಗುರಿಗೆ ಓಲಾಟ ಬರುತ್ತದೆ. ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕೆಂಬುದರ ಬಗ್ಗೆ ಹ್ಯಾಂಡ್‌ಲೋಡರುಗಳು ಗಂಟೆಗಟ್ಟಲೆ ವಾದ ಮಾಡುವುದು ಇದಕ್ಕೇ.

ಮದ್ದಿನ ತೂಕದ ಲೆಕ್ಕ ಗ್ರೇನಿನಲ್ಲಿ. ಹೆಸರೇ ಹೇಳುವಂತೆ ಅದು ಮೂಲದಲ್ಲಿ ಕಾಳಿನ ತೂಕ, ಒಂದು ಪೌಂಡಿಗೆ 7000. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದಕ್ಕಿಂತ ದೊಡ್ಡದು, ಒಂದು ಗುಲಗಂಜಿಗೆ ಹತ್ತಿರ ಹತ್ತಿರ ಎರಡು ಗ್ರೇನ್. ಹ್ಯಾಂಡ್‌ಲೋಡರು ತೂಗುವುದು ಗ್ರೇನಿನ ಹತ್ತನೇ ಒಂದು ಭಾಗದವರೆಗೆ! ಮದ್ದು ಒಂದೇ ಸಮನಿದ್ದರೆ ಗುಂಡಿನ ವೇಗ ಒಂದೇ ಸಮನಿರುತ್ತದೆ, ವೇಗ ಒಂದೇ ಆದರೆ ಗುಂಡು ದೂರದಲ್ಲಿ ಇಳಿಯುವುದೂ ಅಷ್ಟೇ. ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಈಡು ಹಾರುವಾಗ ಉಕ್ಕಿನ ನಳಿಗೆ ತಂಬೂರಿಯ ತಂತಿಯ ಹಾಗೆ ನಡುಗುತ್ತದೆ. ಅದರ ಬಾಯಿ ಮೇಲೆ ಕೆಳಗೆ ತೂಗುವಾಗ ಗುಂಡು ಪ್ರತಿ ಸಲವೂ ಅದೇ ಗಳಿಗೆಯಲ್ಲಿ ಹೊರಬಿದ್ದರೆ ಅದೇ ಜಾಗಕ್ಕೆ ಹೋಗುತ್ತದೆ. ಎರಡು ನಳಿಗೆ ಒಂದೇ ಥರ ನಡುಗುವುದಿಲ್ಲ. ಪಕ್ಕದ ಮನೆಯ ಕೋವಿಗೆ ಈ ಅಳತೆ ಒಗ್ಗದೆಂದು ಅಜ್ಜ ಹೇಳಿದ್ದು ಸುಮ್ಮನೆ ಅಲ್ಲ.

ಹಾಗೆಂದು ಇದು ಆಟವಲ್ಲ. ಮದ್ದು ತಯಾರಕರು ಯಾವ ಗುಂಡಿಗೆ ಎಷ್ಟು ಮದ್ದು, ಮೀರಬಾರದ ಮಿತಿ ಯಾವುದು ಎಂದು ಕೋಷ್ಟಕ ಅಚ್ಚುಹಾಕುತ್ತಾರೆ. ಕೆಳಗಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಏರಬೇಕು. ಮಿತಿ ಮೀರಿದರೆ ಮುಖದಿಂದ ಗೇಣು ದೂರದಲ್ಲಿರುವ ಉಕ್ಕು ಸೀಳುತ್ತದೆ. ಒಂದು ಬಗೆಯ ಮದ್ದಿನ ಡಬ್ಬಿಯ ಬದಲು ಇನ್ನೊಂದನ್ನು ಎತ್ತಿಕೊಂಡರೂ ಮುಗಿಯಿತು.

ಹೀಗೆ ಪಡುವ ಪಾಡಿನ ಫಲವೇನು? 100 ಗಜ ದೂರದ ಕಾಗದದ ಮೇಲೆ ಮೂರೋ ಐದೋ ಗುಂಡು ಹೊಡೆದು, ತೂತುಗಳು ಎಷ್ಟು ಒತ್ತಾಗಿವೆ ಎಂದು ಅಳೆಯುತ್ತಾರೆ. ಅವೆಲ್ಲ ಒಂದು ಇಂಚಿನೊಳಗೆ ಕೂತರೆ ಬೇಟೆಯ ರೈಫಲ್ಲಿಗೆ ಅದು ಬಹಳ ಒಳ್ಳೆಯ ಫಲಿತಾಂಶ. ಮೂರು ತೂತು ಒಂದರ ಮೇಲೊಂದು ಬಿದ್ದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ತಿರುಗುವವರಿದ್ದಾರೆ! ಮೂರು ಸಲ ನಾಣ್ಯ ಚಿಮ್ಮಿದಾಗ ಮೂರೂ ಸಲ ರಾಜನ ತಲೆಯೇ ಬೀಳುವುದುಂಟು, ಇದೂ ಹಾಗೆ. ಹತ್ತು ಗುಂಡು ಹೊಡೆದರೆ ಬಣ್ಣ ಬಯಲಾಗುತ್ತದೆ. ಇನ್ನೂ ಒಂದು ಮಾತು. ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಊಟದ ತಟ್ಟೆಯಷ್ಟಿರುತ್ತದೆ. ನೂರು ಗಜದಲ್ಲಿ ಅದಕ್ಕೆ ಕಾರ್ಖಾನೆಯ ತೋಟಾವೇ ಧಾರಾಳ ಸಾಕು. ದೂರ ಹೆಚ್ಚಿದಾಗ ಅರ್ಧ ಇಂಚಿನ ಲಾಭ ಎರಡಾಗುತ್ತದೆ, ಮೂರಾಗುತ್ತದೆ ನಿಜ. ಆದರೆ ಹವ್ಯಾಸಿಗಳಲ್ಲಿ ಬಹುಪಾಲು ಜನಕ್ಕೆ ಬೇಟೆಗಿಂತ ಆ ತಕ್ಕಡಿಯ ಮುಂದೆ ಕೂರುವುದೇ ಇಷ್ಟ ಎಂದು ಈ ಲೇಖಕನ ಗುಮಾನಿ.

ಮುರಿದ ಹಲ್ಲು

ತಪ್ಪಿದ ಗುಂಡು ಹುಸಿಯಾದರೆ ಚಿಂತೆಯಿಲ್ಲ. ಅರ್ಧ ತಾಗಿದ ಗುಂಡೇ ಕೆಟ್ಟದ್ದು. ಇದಕ್ಕೆ ಚಂಪಾವತದ ಹೆಣ್ಣುಹುಲಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನೇಪಾಳ ಮತ್ತು ಕುಮಾವೂಂನಲ್ಲಿ ಅದು 436 ಜನರನ್ನು ಕೊಂದಿತೆಂದು ಜಿಮ್ ಕಾರ್ಬೆಟ್ ಲೆಕ್ಕ ಕೊಡುತ್ತಾರೆ. 1907ರಲ್ಲಿ ಅದನ್ನು ಕೊಂದ ಮೇಲೆ ಬಾಯಿ ತೆರೆದು ನೋಡಿದರೆ, ಬಲಭಾಗದ ಮೇಲಿನ ಕೋರೆಹಲ್ಲು ಅರ್ಧಕ್ಕೆ, ಕೆಳಗಿನದು ಬುಡದವರೆಗೆ ಮುರಿದಿತ್ತು. ಯಾರೋ ಎಂದೋ ಹೊಡೆದ ಗುಂಡಿನ ಗಾಯವದು. ಸಹಜ ಬೇಟೆಯಾಡಲಾರದ ಹುಲಿ ಮನುಷ್ಯರತ್ತ ತಿರುಗಿತೆಂಬುದು ಕಾರ್ಬೆಟ್ ತೀರ್ಮಾನ. ಆ ಗುಂಡು ಹೊಡೆದವನಾರೆಂದು ಯಾರಿಗೂ ತಿಳಿಯದು.

ಆ ದಿನದ ಕೊನೆಯ ಘಟನೆಯೂ ನಮ್ಮ ವಿಷಯಕ್ಕೆ ಸೇರಿದ್ದೇ. ಕಾರ್ಬೆಟ್ ಜೇಬಿನಲ್ಲಿದ್ದದ್ದು ಮೂರೇ ತೋಟಾ. ಮೂರೂ ಮುಗಿದವು, ಗಾಯಗೊಂಡ ಹುಲಿ ಬಂಡೆಯ ಮೇಲೆ ನಿಂತಿದೆ. ಅವರು ಓಡಿಹೋಗಿ ಜೊತೆಗಿದ್ದ ತಹಸೀಲ್ದಾರರ ಕೋವಿ ಕಿತ್ತುಕೊಂಡು ಬಂದರು. ನೋಡಿದರೆ ಅದರ ನಳಿಗೆಗೂ ಹಿಂಭಾಗಕ್ಕೂ ನಡುವೆ ಬಿರುಕು! ಸಿಡಿಯದಿದ್ದರೆ ಸಾಕೆಂದುಕೊಂಡು ತೀರ ಹತ್ತಿರದಿಂದ ಹುಲಿಯ ತೆರೆದ ಬಾಯಿಗೆ ಗುರಿಯಿಟ್ಟರು. ಗುಂಡು ಹೋಗಿ ಬಡಿದದ್ದು ಮುಂಗಾಲ ಪಂಜಕ್ಕೆ. ಮೊದಲೇ ತೀವ್ರವಾಗಿ ಗಾಯಗೊಂಡಿದ್ದರಿಂದ ಹುಲಿ ಸತ್ತಿತು, ಕಾರ್ಬೆಟ್ ಉಳಿದರು.

ನಮ್ಮ ದೇಶದ ಬಿಸಿಲೂ ಬೇಟೆಗಾರನಿಗೆ ಶತ್ರುವಾಗಿತ್ತು. ಬ್ರಿಟಿಷರ ಹೊಗೆರಹಿತ ಮದ್ದು ಕಾರ್ಡೈಟ್ ಬಿಸಿಯಾದಷ್ಟೂ ಹೆಚ್ಚು ಒತ್ತಡ ಹುಟ್ಟಿಸುತ್ತಿತ್ತು. ಲಂಡನ್ನಿನ ಚಳಿಯಲ್ಲಿ ಸರಿಯಾಗಿದ್ದ ತೋಟಾ ಇಲ್ಲಿನ ಮೇ ತಿಂಗಳಲ್ಲಿ ಹಿಗ್ಗಿ ಗೂಡಿನಲ್ಲೇ ಕಚ್ಚಿಕೊಳ್ಳುತ್ತಿತ್ತು. ಖಾಲಿ ತೋಟಾ ಹೊರಬಾರದಿದ್ದರೆ ಎರಡನೇ ಈಡಿಲ್ಲ, ಎದುರಿಗೆ ಹುಲಿ! ಅದಕ್ಕಾಗಿ ಉಷ್ಣದೇಶಗಳಿಗೆ ಕಾರ್ಡೈಟ್ ಕಡಿಮೆ ಮಾಡಿದ ತೋಟಾಗಳನ್ನೂ, ಒತ್ತಡ ತಗ್ಗಿಸಲು ಅಗಲ ಹೊಟ್ಟೆಯ ತೋಟಾಗಳನ್ನೂ ಮಾಡತೊಡಗಿದರು. ಈ ಕಾರ್ಡೈಟ್ ತಯಾರಿಸಲೆಂದು 20ನೇ ಶತಮಾನದ ಆರಂಭದಲ್ಲಿ ಸರ್ಕಾರ ಕಾರ್ಖಾನೆ ಕಟ್ಟಿದ್ದು ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ. ಊಟಿಯ ಪುಟ್ಟ ರೈಲಿನಲ್ಲಿ ಹೋದವರು ಆ ನಿಲ್ದಾಣ ದಾಟಿಯೇ ಹೋಗಿರುತ್ತಾರೆ.

ಅದೇ ಹೊತ್ತಿಗೆ ಸರ್ಕಾರ ಪಾಯಿಂಟ್ 450 ಅಳತೆಯ ಬೇಟೆ ರೈಫಲ್ಲುಗಳು ಭಾರತಕ್ಕೆ ಬರದಂತೆ ತಡೆಹಾಕಿತು. ದೊಡ್ಡ ಪ್ರಾಣಿಗಳಿಗೆ ಎಲ್ಲರೂ ಮೆಚ್ಚಿದ ಅಳತೆಯದು, ಹಾಗಿರುವಾಗ ಏಕೆ? ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲಿನ ಗುಂಡಿನ ಅಳತೆಯೂ ಅದೇ. ವಾಯವ್ಯ ಗಡಿಯಲ್ಲಿ ಕದ್ದ ಮಾರ್ಟಿನಿಗಳು ಓಡಾಡುತ್ತಿದ್ದವು. ಸಾಹೇಬರ ಬೇಟೆಯ ತೋಟಾದಿಂದ ಗುಂಡು ಕಿತ್ತು ಮಾರ್ಟಿನಿಯ ತೋಟಾಕ್ಕೆ ತುಂಬಿದರೆ? ಸಾಮ್ರಾಜ್ಯ ಅಂಜಿದ್ದು ಕೈಯಿಂದ ತೋಟಾ ತುಂಬುವವನಿಗೆ. ಇಂಗ್ಲೆಂಡಿನ ಕೋವಿ ತಯಾರಕರು ಗಿರಾಕಿ ಕಳೆದುಕೊಳ್ಳಲಾರದೆ ಪಾಯಿಂಟ್ 465, 470, 475 ಎಂದು ಹೊಸ ಅಳತೆಗಳನ್ನು ಹುಟ್ಟಿಸಿದರು. ಅವುಗಳಲ್ಲಿ 470 ಇಂದಿಗೂ ಬಳಕೆಯಲ್ಲಿದೆ.

ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿದ್ದು ವಿಂಚೆಸ್ಟರ್ ಕಂಪನಿಯ ಪಾಯಿಂಟ್ 405 ರೈಫಲ್. ಆ ತೋಟಾ ತಯಾರಿಕೆಯನ್ನು ಕಂಪನಿ ಮುಂದೆ ನಿಲ್ಲಿಸಿತು. ತೋಟಾ ನಿಂತರೆ ಎಂಥ ರೈಫಲ್ಲಾದರೂ ಗೋಡೆಯ ಅಲಂಕಾರವೇ. ಅಂಥ ಎಷ್ಟೋ ರೈಫಲ್ಲುಗಳನ್ನು ಹೊರದೇಶಗಳಲ್ಲಿ ಉಳಿಸಿಕೊಂಡವರು ಹ್ಯಾಂಡ್‌ಲೋಡರುಗಳು.

ಗುಂಡು ತಾಗಿದ ಮೇಲೆ ಏನು ಮಾಡಬೇಕು ಎಂಬುದರಲ್ಲೂ ಅವರ ಕೈವಾಡವಿದೆ. ಅಮೆರಿಕದ ಜಾನ್ ನೋಸ್ಲರ್ 1946ರಲ್ಲಿ ಕೆನಡಾದ ಕಾಡಿನಲ್ಲಿ ಮೂಸ್ ಎಂಬ ಭಾರಿ ಕಡವೆಗೆ ಹೊಡೆದಾಗ, ಕೆಸರು ಮೆತ್ತಿದ ಅದರ ದಪ್ಪ ಚರ್ಮಕ್ಕೆ ತಾಗಿದ ಗುಂಡುಗಳು ಒಳಗೆ ಇಳಿಯದೆ ಮೇಲೆಯೇ ಒಡೆದು ಚೂರಾದವು. ಬೇಸತ್ತ ಆತ ನಡುವೆ ಅಡ್ಡಗೋಡೆಯಿರುವ ಗುಂಡು ಮಾಡಿದ. ಮುಂದಿನ ಭಾಗ ಅರಳುತ್ತದೆ, ಹಿಂದಿನದು ಗಟ್ಟಿಯಾಗಿದ್ದು ಆಳಕ್ಕೆ ಹೋಗುತ್ತದೆ. ಅರಳುವ ಗುಂಡಿನ ಮಾತು ಬಂದರೆ ಮತ್ತೆ ಡಂಡಂ! 1890ರ ದಶಕದಲ್ಲಿ ಅಲ್ಲಿನ ಶಸ್ತ್ರಾಗಾರದಲ್ಲಿ ತಯಾರಾದ ಮೃದು ತುದಿಯ ಗುಂಡು ಎಷ್ಟು ಕುಖ್ಯಾತವಾಯಿತೆಂದರೆ, 1899ರ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಇಂಗ್ಲೆಂಡಿನಲ್ಲಿ ರೈಫಲ್ಲಿನಿಂದ ಜಿಂಕೆ ಹೊಡೆಯುವವನು ಅರಳುವ ಗುಂಡನ್ನೇ ಬಳಸಬೇಕೆಂದು ಕಾನೂನಿದೆ. ಸೈನಿಕ ಗಾಯಗೊಂಡು ಬದುಕಲಿ, ಪ್ರಾಣಿ ನರಳದೆ ಸಾಯಲಿ ಎಂಬ ಲೆಕ್ಕ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಹವ್ಯಾಸ ಮುಗಿದ ಅಧ್ಯಾಯ. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ವಿಸ್ತರಿಸಿತು, ಅದು 2029ರ ಅಕ್ಟೋಬರ್ 31ರವರೆಗೆ. 2021ರಲ್ಲಿ ರಾಜ್ಯದ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಎಂಬುದು ಅಲ್ಲಿನ ಪದ್ಧತಿ. ಕೈಲ್ ಪೊಳ್ದ್ ಹಬ್ಬದಲ್ಲಿ ಹೂ ಮುಡಿಸಿ ಪೂಜಿಸಿದ ಕೋವಿಯಿಂದ ಆಮೇಲೆ ಗುರಿಯಿಡುವುದು ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ.

ಅಜ್ಜನಿಗೆ ಫಲಿತಾಂಶ ಬಂದ ಮೇಲೆ ಕೋವಿ ವಾಪಸು ಸಿಕ್ಕಿತು. ಒಪ್ಪಿಸುವಾಗ ಕೋವಿಗೆ ಮಾತ್ರ ರಸೀದಿ ಬರೆದಿದ್ದರು. ಬಿದಿರಿನ ಕೊಳವೆಯನ್ನು ಅವರು ಅಂದೇ ಬಿಚ್ಚಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡಿದ್ದರು.